‘ಜೌಗು’ ಅಂತ ಬರೆಯಲೋ, ಬೇಡವೋ? ನಿಮ್ಮೂರಲ್ಲಿ ಏನಂತೀರಿ ಹೇಳಿ

ಶಿರಾ ಕಡೆಯ ಶಿಕ್ಷಕಿ:
ಫೆಬ್ರುವರಿ 2ಕ್ಕೆ ನಮ್ಮ ಶಾಲೆ ಮಕ್ಕಳು ಊರ ಕೆರೆ ಏರಿ ಮೇಲೆ ಒಂದು ಫಲಕ ನಿಲ್ಲಿಸಬೇಕು ಅಂತಿದ್ದಾರೆ. 1971ರಲ್ಲಿ ಇರಾನಿನ ರಾಮ್ಸಾರ್‌ನಲ್ಲಿ ವೆಟ್‌ಲ್ಯಾಂಡ್, ಅಂದರೆ ಕೆರೆ, ಜೌಗು, ಅಳಿವೆಯಂಥ ನೀರು ನಿಲ್ಲುವ ಜಾಗಗಳನ್ನ ಉಳಿಸುವ ಒಪ್ಪಂದ ಆದ ದಿನ ಅದು. ಕನ್ನಡದಲ್ಲಿ ‘ಜೌಗು ಪ್ರದೇಶ’ ಅಂತ ಕರಡು ಬರೆದೆವು. ಏರಿ ಮೇಲೆ ಕೂತಿದ್ದ ಹಿರಿಯರೊಬ್ಬರು ಓದಿ ನೊಂದುಕೊಂಡರು. “ಜೌಗು ಅಂದ್ರೆ ದನ ಇಳಿದ್ರೆ ಹೂತ್ಕೊಳ್ಳೋ ಜಾಗ ಕಣಮ್ಮ. ಇದು ನಮ್ ಕೆರೆ. ಇದನ್ಯಾಕೆ ಜೌಗು ಅಂತೀರಿ?” ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ‘ಆರ್ದ್ರಭೂಮಿ’, ‘ತೇವಭೂಮಿ’ ಅಂತಲೂ ಬರೆದು ನೋಡಿದೆ, ಮಕ್ಕಳ ಬಾಯಲ್ಲಿ ನಿಲ್ಲುತ್ತಿಲ್ಲ. ನಿಮ್ಮ ಕಡೆ ಇಂಥ ಜಾಗಕ್ಕೆ ಯಾವ ಮಾತಿದೆ, ಅದನ್ನ ಎಲ್ಲಿ ಬಳಸ್ತೀರಿ? ದಯವಿಟ್ಟು ಹೇಳಿ.

ಸಿಂಧನೂರು ಕಡೆಯ ರೈತ:
ಟೀಚರ್ರೀ, ಆ ಹಿರಿಯರು ಹೇಳಿದ್ದು ಖರೇ ಐತ್ರಿ. ನಮ್ಮ ಕಡೆ ‘ಸವಳು-ಜವಳು’ ಅಂತ ಜೋಡಿ ಮಾತು. ಸವಳು ಅಂದ್ರ ಉಪ್ಪು ಏರಿದ ನೆಲ, ಜವಳು ಅಂದ್ರ ನಿಮ್ಮ ಜೌಗು. ತುಂಗಭದ್ರಾ ಎಡದಂಡಿ ಕಾಲುವಿ ಬಂದ ಮ್ಯಾಲ ಎಲ್ಲಾರೂ ಭತ್ತ ಹಚ್ಚಿದ್ರು. ಕರಿ ಮಣ್ಣು, ನೀರು ಬಸಿದು ಹೋಗಾಕ ದಾರಿ ಇಲ್ಲ. ವರ್ಷಾ ವರ್ಷಾ ಕೆಳಗಿನ ನೀರು ಮ್ಯಾಲ ಬಂತು, ಜೋಡಿ ಉಪ್ಪೂ ಬಂತು. ಬ್ಯಾಸಗ್ಯಾಗ ನಮ್ಮ ಎರಡು ಎಕರೆ ಸುಣ್ಣ ಬಳದಂಗ ಬೆಳ್ಳಗ ಕಾಣ್ತಿತ್ತು. ‘ಅವರ ಹೊಲ ಜವಳು ಹಿಡದೈತಿ’ ಅನ್ನೋ ಮಾತು ಹೆಣ್ಣು ಕೊಡೋರ ಕಿವಿಗೂ ಬೀಳ್ತೈತಿ, ಅಷ್ಟು ಭಾರದ ಮಾತದು. ನಮ್ಮಪ್ಪ ಬಸಿಗಾಲುವಿ ತೋಡಿಸಿದ್ರು. ನಾನು ಡಯಾಂಚ ಅನ್ನೋ ಹಸಿರು ಗೊಬ್ಬರದ ಗಿಡ ಬಿತ್ತಿ, ಹೂವಾಡೋ ಹೊತ್ತಿಗೆ ಮಣ್ಣಾಗ ಮುಚ್ಚಿದೆ. ಮೂರನೇ ವರ್ಷ ಭತ್ತ ಒಂದೀಟು ತೆನಿ ಕಟ್ತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದೋರು ನೆಲದೊಳಗ ತೂತಿನ ಪೈಪು ಹಾಕಿ ನೀರು ಬಸಿಯೋ ಪದ್ಧತಿ ತೋರಸ್ತಾರ, ಆದ್ರ ಖರ್ಚು ಜಾಸ್ತಿ. ನಮಗ ಜವಳು ಅಂದ್ರ ರೋಗ. ‘ಜವಳು ಉಳಿಸಿ’ ಅಂತ ಫಲಕ ಕಂಡ್ರ ನಮ್ಮವ್ವ ಅಲ್ಲೇ ನಿಂತು ಎರಡು ಸಲ ಓದ್ತಾಳ್ರಿ.

ಗದಗಿನಿಂದ:
ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ 2024ರಲ್ಲಿ ಆ ಒಪ್ಪಂದದ ರಾಮ್ಸಾರ್ ಪಟ್ಟಿಗೆ ಬಂತು. ಚಳಿಗಾಲದಾಗ ಪಟ್ಟೆತಲೆ ಹೆಬ್ಬಾತು ಸಾವಿರಗಟ್ಟಲೆ ಬರ್ತಾವ. ಪಟ್ಟಿ ಸೇರಿದ ಮ್ಯಾಲೂ ಊರಾಗ ಅದು ಕೆರಿನೇ. ಯಾರೂ ಜೌಗು ಅಂದಿದ್ದು ಕೇಳಿಲ್ಲ.

ಮಂಡ್ಯದ ನಿವೃತ್ತ ಗ್ರಾಮ ಲೆಕ್ಕಿಗರು:
ಮೇಡಂ, ಒಂದು ಎಚ್ಚರಿಕೆ. ‘ತರಿ’ ಅನ್ನೋ ಪದದ ಹತ್ತಿರ ಮಾತ್ರ ಹೋಗಬೇಡಿ. ಪಹಣಿಯಲ್ಲಿ ಜಮೀನು ಖುಷ್ಕಿ, ತರಿ, ಬಾಗಾಯ್ತು ಅಂತ ಇರುತ್ತೆ. ಮಳೆ ನಂಬಿದ್ದು ಖುಷ್ಕಿ, ಕೆರೆ ಕಾಲುವೆ ನೀರಲ್ಲಿ ಭತ್ತ ಬೆಳೆಯೋದು ತರಿ, ತೋಟ ಬಾಗಾಯ್ತು. ಹಳೇ ಇಂಗ್ಲಿಷ್ ಕಾಗದಗಳಲ್ಲಿ ಈ ತರಿಗೂ ‘ವೆಟ್ ಲ್ಯಾಂಡ್’ ಅಂತಲೇ ಬರೆದಿರ್ತಾರೆ. ಒಮ್ಮೆ ಯಾರೋ ಜೌಗು ರಕ್ಷಣೆಯ ನಿಯಮವನ್ನ ‘ತರಿ ಜಮೀನಿನ ನಿಯಮ’ ಅಂತ ಕನ್ನಡ ಮಾಡಿ ಹಂಚಿಬಿಟ್ಟರು. ಮಾರನೇ ದಿನ ಬೆಳಿಗ್ಗೆ ರೈತರು ಪಹಣಿ ಹಿಡ್ಕೊಂಡು ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು, ಗದ್ದೆ ಹೋಯ್ತು ಅಂತ. ಕೇಂದ್ರದ 2017ರ ನಿಯಮ ಭತ್ತದ ಗದ್ದೆಯನ್ನ ಹೊರಗಿಟ್ಟಿದೆ, ನೀರಾವರಿಗೆ ಅಂತಲೇ ಕಟ್ಟಿದ ಕೆರೆಯನ್ನೂ ಹೊರಗಿಟ್ಟಿದೆ. ಅವರನ್ನ ಸಮಾಧಾನ ಮಾಡಿ ಕಳಿಸೋ ಹೊತ್ತಿಗೆ ಮಧ್ಯಾಹ್ನ ಆಯ್ತು. ಕೆರೆ ಹೊರಗುಳಿದದ್ದು ಸರಿ ಅಂತ ನನಗೆ ಇವತ್ತಿಗೂ ಅನಿಸಿಲ್ಲ, ಅದು ಬೇರೆ ಮಾತು.

ಪುತ್ತೂರಿನಿಂದ:
ನಮ್ಮಲ್ಲಿ ‘ಬೈಲು’ ಅಂದರೆ ತಗ್ಗಿನ ಗದ್ದೆ, ನೀರು ನಿಲ್ಲುವ ಜಾಗ. ಅದಕ್ಕಿಂತ ಮೇಲಿನದು ಮಜಲು, ಅದಕ್ಕೂ ಮೇಲಿನದು ಬೆಟ್ಟು. ಮೂರನೆಯ ಬೆಳೆ ಕೊಳಕೆ ಆಗುವುದು ಬೈಲಿನಲ್ಲಿ ಮಾತ್ರ. ಬಯಲುಸೀಮೆಯಿಂದ ಬಂದ ಸೊಸೆಗೆ ‘ಬೈಲಿಗೆ ಹೋಗಿ ಬಾ’ ಅಂದರೆ ಅವಳು ಒಣ ಮೈದಾನ ಹುಡುಕಿದ್ದಳು ಮಾರಾಯ್ರೇ! ಸಾಗುವಳಿ ಬಿಟ್ಟ ಗದ್ದೆಗೆ ‘ಹಡಿಲು’ ಅನ್ನುತ್ತೇವೆ. ನಾಗರಹೊಳೆ ಕಾಡಿನಲ್ಲಿ ‘ಹಡ್ಲು’ ಅಂದರೆ ಆನೆ, ಕಾಟಿ ಮೇಯುವ ಹುಲ್ಲಿನ ಜೌಗು.

ಕುಮಟಾದಿಂದ:
ನಮ್ಮ ಅಘನಾಶಿನಿ ಅಳಿವೆಯೂ 2024ರಲ್ಲಿ ಅದೇ ರಾಮ್ಸಾರ್ ಪಟ್ಟಿಗೆ ಸೇರಿತು. ಆದರೆ ಅಲ್ಲಿನ ಗದ್ದೆಭೂಮಿ ನಮಗೆ ‘ಗಜನಿ’. ಉಬ್ಬರದ ಉಪ್ಪುನೀರು ಬರುವ ತಗ್ಗುಭೂಮಿಗೆ ಕಟ್ಟೆ ಹಾಕಿ ಗದ್ದೆ ಮಾಡಿದ್ದು. ಮಳೆಗಾಲದ ಸಿಹಿನೀರು ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗದ ಬೀಜ ಚೆಲ್ಲುತ್ತಿದ್ದರು. ಕಗ್ಗ ನಮ್ಮ ಹಳೇ ಭತ್ತ, ಉಪ್ಪಿಗೂ ತಡೆಯುತ್ತದೆ, ನೆರೆಯಲ್ಲಿ ಮುಳುಗಿದರೂ ಏಳುತ್ತದೆ. ಗೊಬ್ಬರ ಬೇಡ, ಔಷಧಿ ಬೇಡ. ಕೊಯ್ಯುವಾಗ ತೆನೆಯಷ್ಟೇ. ಹುಲ್ಲು ನೀರಲ್ಲೇ ಕೊಳೆತು ಮೀನಿಗೆ, ಶೆಟ್ಲಿಗೆ (ಸಿಗಡಿಗೆ) ಆಹಾರ. ಬೆಳೆ ಮುಗಿದ ಮೇಲೆ ಕಟ್ಟೆಯ ಬಾಗಿಲು ತೆಗೆದರೆ ಅದೇ ಗದ್ದೆ ಮೀನಿನ ಮನೆ. ಅಮ್ಮ ‘ಗಜನಿಗೆ ಹೋಗಿ ಬತ್ತೆ’ ಅಂದರೆ ತಿಂಗಳು ಯಾವುದು ಅಂತ ನೋಡಬೇಕು. ಶ್ರಾವಣದಲ್ಲಾದರೆ ಪೈರು ನೋಡಲಿಕ್ಕೆ, ಮಾಘದಲ್ಲಾದರೆ ಬುಟ್ಟಿ ತುಂಬ ಶೆಟ್ಲಿ ತರಲಿಕ್ಕೆ.

1990ರ ದಶಕದಲ್ಲಿ ಸಿಗಡಿ ಕೃಷಿಗೆ ಅಂತ ಗಜನಿ ಗುತ್ತಿಗೆಗೆ ಹೋದವು. ಆಮೇಲೆ ಸಿಗಡಿಗೆ ರೋಗ ಬಂತು. ನಮ್ಮದರ ಕಟ್ಟೆ ಒಡೆದದ್ದು ಒಡೆದೇ ಉಳಿಯಿತು, ಈಗ ಅಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಎದ್ದಿದೆ. ಕಾಂಡ್ಲಾ ಬಂದದ್ದು ಮೀನಿಗೆ ಒಳ್ಳೆಯದೇ. ಕಗ್ಗದ ಬೀಜ ಮಾತ್ರ ಮನೆಯಲ್ಲಿ ಒಂದು ಮುಷ್ಟಿಯೂ ಉಳಿಯಲಿಲ್ಲವಲ್ಲ, ಅದು ನನಗೆ ಇವತ್ತಿಗೂ ಹೊಟ್ಟೆ ಉರಿಯುವ ಸಂಗತಿ. ಮಾಣಿಕಟ್ಟಾದಲ್ಲಿ ಊರವರು ಕೂಡಿ ಕಗ್ಗ ಬೆಳೆಯುತ್ತ ಬಂದಿದ್ದಾರೆ, ಅವರ ಹತ್ತಿರ ಬೀಜ ಕೇಳಬೇಕು. ಅಕ್ಕಾ, ಜೌಗು ಅಂದರೆ ಈ ಕಟ್ಟೆ, ಈ ಬಾಗಿಲು, ಈ ತೆನೆ ಯಾವುದೂ ಆ ಮಾತಿನಲ್ಲಿ ಬರುವುದಿಲ್ಲ. ನಿಮ್ಮೂರಿನ ಮಾತನ್ನು ಮೊದಲು ಬರೆಯಿರಿ, ಸರಕಾರದ ಮಾತು ಕೆಳಗಿರಲಿ.

ಸಿದ್ದಾಪುರದಿಂದ:
ಕಾಡಿನ ಜೌಗಿಗೆ ನಮ್ಮಲ್ಲಿ ‘ಜಡ್ಡಿ’. ಕತ್ತಲೆಕಾನು ಕಾಡಿನ ರಾಂಪತ್ರೆ ಮರಗಳ ಜಡ್ಡಿ ನೋಡಿದರೆ ಗೊತ್ತಾಗುತ್ತದೆ, ಮರದ ಬೇರು ಮೊಣಕಾಲು ಮಡಚಿದ ಹಾಗೆ ನೀರಿನಿಂದ ಮೇಲೆದ್ದು ಉಸಿರಾಡುತ್ತವೆ. ಜಡ್ಡಿ ಬತ್ತಿಸಿ ತೋಟ ಮಾಡಿದ ಕಡೆ ಕೆಳಗಿನ ಹಳ್ಳ ಬೇಸಿಗೆಯಲ್ಲಿ ಬೇಗ ನಿಂತುಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಶಿರಾ ಕಡೆಯ ಶಿಕ್ಷಕಿ:
ಎಲ್ಲರಿಗೂ ಕೈ ಮುಗಿಯುತ್ತೇನೆ. ಮಕ್ಕಳಿಗೆ ಓದಿ ಹೇಳಿದೆ. ‘ನಮ್ಮ ಕೆರೆ’ ಅಂತ ದೊಡ್ಡಕ್ಷರದಲ್ಲಿ ಬರೆದು, ಕೆಳಗೆ ಏರಿ, ತೂಬು, ಕೋಡಿ, ಅಂಗಳ ಗುರುತಿಸ್ತೀವಿ. ಹಳ್ಳ ಬಂದು ಸೇರೋ ಕಡೆ ಜೊಂಡು ಬೆಳೆದು ನೆಲ ಮೆತ್ತಗಿದೆ. ಆ ಭಾಗಕ್ಕೆ ಏನು ಬರೆಯಲಿ?

ಮಧುಗಿರಿಯಿಂದ:
ಅದು ಹುದುಲು ಮೇಡಂ. ಅಲ್ಲಿಗೆ ಜೌಗು ಅಂದರೂ ಆ ಅಜ್ಜ ಒಪ್ತಾರೆ. ಫಲಕದಲ್ಲಿ ಬರೆಯೋಕೆ ಮುಂಚೆ ಅವರನ್ನೇ ಕರ್ಕೊಂಡು ಹೋಗಿ ಎಲ್ಲಿಂದ ಎಲ್ಲಿಗೆ ಹುದುಲು ಅಂತ ಕೋಲು ನೆಡಿಸಿ. ಮಕ್ಕಳು ಇಳಿಯಬಾರದ ಜಾಗವೂ ಅದೇ.