ಪಿಸಿಯಿಂದ ಕಳಚಿದ ಫ್ಲಾಪಿ ಡ್ರೈವ್ ಅಟಾರಿ ಎಸ್‌ಟಿ, ಅಮಿಗಾಗೆ ಹೊಂದುತ್ತಾ? ಅನುಭವ ಇದ್ದವರು ತಿಳಿಸಿ

ಪ್ರಶ್ನೆ:
ಹಳೆ ಪಿಸಿಗಳಿಂದ ಕಳಚಿಟ್ಟ 1.44 ಎಂಬಿ ಡ್ರೈವ್‌ಗಳು ನಾಲ್ಕೈದು ಇವೆ. ನನ್ನ ಹಳೇ ಹೋಮ್ ಕಂಪ್ಯೂಟರ್‌ಗಳಾದ ಅಟಾರಿ ಎಸ್‌ಟಿ, ಅಮಿಗಾ 500 ಎರಡರದ್ದೂ ಮೂಲ ಫ್ಲಾಪಿ ಡ್ರೈವ್ ಕೆಟ್ಟಿದೆ. 34 ಪಿನ್ನಿನ ಕನೆಕ್ಟರ್ ಒಂದೇ ಥರ ಇದೆ, ಸರಿಯಾಗಿ ಕೂರುತ್ತೆ. ಆದರೆ ಎಸ್‌ಟಿಗೆ ಹಾಕಿದರೆ ಡ್ರೈವಿನ ಲೈಟೇ ಹತ್ತಲ್ಲ. ಈ ಕೆಲಸ ಮಾಡಿದವರು ದಯವಿಟ್ಟು ದಾರಿ ತೋರಿಸಿ.

ಉತ್ತರ:
ಡ್ರೈವ್ ಕೆಟ್ಟಿಲ್ಲ, ಎಸೆಯಬೇಡಿ. ಎರಡೂ ಕಡೆ 34 ಪಿನ್ ಇದ್ದರೂ ಮೂರ್ನಾಲ್ಕು ಪಿನ್‌ಗಳ ಕೆಲಸ ಬೇರೆ. ಹೊಂದಾಣಿಕೆಯ ತಲೆನೋವೆಲ್ಲ ಅಲ್ಲೇ ಇರೋದು.

ಮೊದಲನೆಯದು ಡ್ರೈವ್ ಸೆಲೆಕ್ಟ್ (ಡಿಎಸ್), ಅಂದರೆ ಯಾವ ಡ್ರೈವ್ ಕೆಲಸ ಮಾಡಬೇಕು ಅಂತ ಕಂಪ್ಯೂಟರ್ ಕರೆಯೋ ಸಂಕೇತ. ಪಿಸಿ ಡ್ರೈವ್‌ಗಳೆಲ್ಲ ಎರಡನೇ ಡ್ರೈವ್ ಅಂತ, ಅಂದರೆ ಡಿಎಸ್1ಕ್ಕೆ ಹೊಂದಿಸಿ ಬರುತ್ತವೆ. ಅದರ ಕರೆ ಬರೋದು 12ನೇ ಪಿನ್ನಿನಲ್ಲಿ. ಎಸ್‌ಟಿ ತನ್ನ ಒಳಗಿನ ಡ್ರೈವನ್ನು ಕರೆಯೋದು 10ನೇ ಪಿನ್ನಿನಲ್ಲಿ. ಹಾಗಾಗಿ ನಿಮ್ಮ ಡ್ರೈವಿಗೆ ಕರೆ ಕೇಳಿಸುತ್ತಲೇ ಇಲ್ಲ. ಡ್ರೈವಿನಲ್ಲಿ ಜಂಪರ್ (ಎರಡು ಪಿನ್ ಜೋಡಿಸೋ ಪುಟ್ಟ ಕ್ಯಾಪ್) ಇದ್ದರೆ ಮೊದಲ ಡ್ರೈವ್ ಅನ್ನೋ ಡಿಎಸ್0ಗೆ ಸರಿಸಿ. ಜಂಪರ್ ಇಲ್ಲದ ಡ್ರೈವ್‌ಗಳಲ್ಲೂ ಎಷ್ಟೋ ಸಲ ಬೋರ್ಡಿನ ಮೇಲೆ ಅದೇ ಹೆಸರಿನ ಬೆಸುಗೆ ಜಾಗ ಇರುತ್ತೆ. ಅದೂ ಇಲ್ಲದಿದ್ದರೆ ರಿಬ್ಬನ್ ಕೇಬಲ್ಲಿನ 10, 11, 12ನೇ ತಂತಿಗಳನ್ನು ಮಾತ್ರ ಬಿಡಿಸಿ, ಮೂರನ್ನೂ ಒಟ್ಟಿಗೆ ಮಗುಚಿ ಕನೆಕ್ಟರಿಗೆ ಒತ್ತಿ. 10 ಮತ್ತು 12 ಅದಲುಬದಲಾಗುತ್ತವೆ, ನಡುವಿನ 11 ಗ್ರೌಂಡ್, ಇದ್ದಲ್ಲೇ ಇರುತ್ತೆ. ಪಿಸಿಯ ತಿರುಚಿದ ಕೇಬಲ್ ಹಾಕಿದರೆ ಸಾಲದೇ ಅಂತ ಅನೇಕರು ಕೇಳುತ್ತಾರೆ. ಸಾಲದು. ಅದರಲ್ಲಿ 10ರಿಂದ 16ರವರೆಗೆ ಪೂರಾ ಮಗುಚಿರುತ್ತೆ, ಸೆಲೆಕ್ಟ್ ಹೋಗಿ ಮೋಟಾರಿನ ಪಿನ್ನಿಗೆ ಸೇರುತ್ತೆ.

ಎಸ್‌ಟಿ 34ನೇ ಪಿನ್ನನ್ನು ನೋಡುವುದೇ ಇಲ್ಲ. ಡಿಸ್ಕ್ ಬದಲಾಗಿದ್ದನ್ನು ರೈಟ್ ಪ್ರೊಟೆಕ್ಟ್ (ಡಿಸ್ಕಿಗೆ ಬರೆಯದಂತೆ ತಡೆ ಇದೆಯಾ ಅಂತ ತಿಳಿಸೋ) ಸಂಕೇತದಿಂದಲೇ ತಿಳಿಯುತ್ತೆ. ಆದ್ದರಿಂದ ಸೆಲೆಕ್ಟ್ ಸರಿಯಾದರೆ ವೈರಿಂಗ್ ಮಟ್ಟಿಗೆ ಎಸ್‌ಟಿ ಕೆಲಸ ಮುಗಿದ ಹಾಗೆ.

ಅಮಿಗಾ ಅಷ್ಟು ಸುಲಭ ಅಲ್ಲ. ಅದಕ್ಕೆ ‘ಡಿಸ್ಕ್ ಬದಲಾಯಿತು’ ಅನ್ನೋ ಸಂಕೇತ 2ರಲ್ಲಿ ಬೇಕು, ಡ್ರೈವ್ ಸಿದ್ಧವಿದೆ ಅನ್ನೋ ‘ರೆಡಿ’ ಸಂಕೇತ 34ರಲ್ಲಿ ಬೇಕು. ಪಿಸಿ ಡ್ರೈವ್ ಡಿಸ್ಕ್ ಬದಲಾದ ಸಂಕೇತವನ್ನು 34ರಲ್ಲಿ ಕೊಡುತ್ತೆ, ರೆಡಿಯನ್ನು ಕೊಡೋದೇ ಇಲ್ಲ. ಡ್ರೈವಿನ 34ನ್ನು ಕಂಪ್ಯೂಟರಿನ 2ಕ್ಕೆ ಒಯ್ದರೆ ಅಮಿಗಾದ ಡೆಸ್ಕ್‌ಟಾಪ್ ಆದ ವರ್ಕ್‌ಬೆಂಚ್ ಚೆನ್ನಾಗೇ ಏಳುತ್ತೆ. ಕೆಲವು ಆಟಗಳು ಮಾತ್ರ ರೆಡಿಗಾಗಿ ಕಾಯುತ್ತಾ ನಿಂತುಬಿಡುತ್ತವೆ. ಆಟ ಆಡೋದೇ ಮುಖ್ಯ ಅಂದರೆ, ಸರ್ಕ್ಯೂಟ್ ಬೋರ್ಡಿನಲ್ಲಿ ರೆಡಿ ಸಂಕೇತ ಸಿಗುವ ಡ್ರೈವ್ ಹುಡುಕೋದು ಮೇಲು ಅನ್ನೋದು ನನ್ನ ಅಭಿಪ್ರಾಯ. 34ನ್ನು ಸದಾಕಾಲ ಗ್ರೌಂಡಿಗೆ ಕಟ್ಟಬೇಡಿ, ಹೊರಗಿನ ಡ್ರೈವ್‌ಗಳೂ ಅದೇ ತಂತಿ ಹಂಚಿಕೊಳ್ಳುತ್ತವೆ.

ಇನ್ನೊಬ್ಬರ ಉತ್ತರ:
ಆಮ್‌ಸ್ಟ್ರಾಡ್ ಸಿಪಿಸಿ 6128, ಸ್ಪೆಕ್ಟ್ರಮ್ +3 ಅನ್ನೋ ಹಳೇ ಕಂಪ್ಯೂಟರ್ ಇರೋರು ಇದನ್ನು ಓದುತ್ತಿದ್ದರೆ: ಅವಕ್ಕೂ ರೆಡಿ ಬೇಕೇ ಬೇಕು. ಅಲ್ಲಿ 34ರ ತಂತಿಯನ್ನು ಡ್ರೈವಿನ ಕಡೆ ಕತ್ತರಿಸಿ, ಕಂಪ್ಯೂಟರ್ ಕಡೆಯದನ್ನು ಪಕ್ಕದ 33ಕ್ಕೆ ಸೇರಿಸಿದರೆ ನಡೆಯುತ್ತೆ, ಬೆಸ ಸಂಖ್ಯೆಯ ಪಿನ್‌ಗಳೆಲ್ಲ ಗ್ರೌಂಡೇ. ಆಮೇಲೆ ಡಿಸ್ಕ್ ಹಾಕದೆ ಓದು ಅಂದರೆ ದೋಷ ತೋರಿಸದೆ ಕಾಯುತ್ತಾ ಕೂರುತ್ತೆ, ಗಾಬರಿಯಾಗಬೇಡಿ.

ಅದಕ್ಕಿಂತ ಮುಖ್ಯ, ಈ ಆಮ್‌ಸ್ಟ್ರಾಡ್ 3 ಇಂಚಿನ ಡ್ರೈವಿನ ಪವರ್ ಕನೆಕ್ಟರಿನಲ್ಲಿ 5 ವೋಲ್ಟ್, 12 ವೋಲ್ಟ್ ಜಾಗಗಳು ಪಿಸಿಗೆ ಹೋಲಿಸಿದರೆ ತಿರುವುಮುರುವು. ಹಾಗೇ ಚುಚ್ಚಿದರೆ 12 ವೋಲ್ಟ್ ನೇರ ಡ್ರೈವಿನ ಚಿಪ್‌ಗಳಿಗೆ ನುಗ್ಗುತ್ತೆ. ಮಲ್ಟಿಮೀಟರ್ ಇಟ್ಟು ಅಳೆಯದೆ ಪವರ್ ಕೊಡಲೇಬೇಡಿ.

ಕೇಳಿದವರು:
10-12 ಮಗುಚಿದೆ, ಎಸ್‌ಟಿ ಓದ್ತಿದೆ! ತುಂಬಾ ಧನ್ಯವಾದಗಳು. ಆದರೆ 1.44 ಡಿಸ್ಕ್ ಫಾರ್ಮ್ಯಾಟ್ ಮಾಡಿದರೆ ದೋಷ ಬರ್ತಿದೆ. 5.25 ಇಂಚಿನ 1.2 ಎಂಬಿ ಡ್ರೈವ್ ಒಂದಿದೆ, ಅದೂ ಆಗುತ್ತಾ?

ಉತ್ತರ:
ಎಸ್‌ಟಿ ಬರೆಯೋದು ಸೆಕೆಂಡಿಗೆ 250 ಕಿಲೋಬಿಟ್ ವೇಗದಲ್ಲಿ, ಅಂದರೆ ಡಿಡಿ (ಡಬಲ್ ಡೆನ್ಸಿಟಿ). ಡ್ರೈವ್ ಮಾತ್ರ ಡಿಸ್ಕಿನ ಮೂಲೆಯ ರಂಧ್ರ ನೋಡಿ ಎಚ್‌ಡಿ (ಹೈ ಡೆನ್ಸಿಟಿ, 1.44 ಎಂಬಿ) ಅಂದುಕೊಂಡಿದೆ. ರೈಟ್ ಪ್ರೊಟೆಕ್ಟ್ ಕಿಂಡಿಯನ್ನು ಬಿಟ್ಟು, ಅದರ ಎದುರು ಬದಿಯ ರಂಧ್ರಕ್ಕೆ ಬೆಳಕು ತೂರದ ಟೇಪ್ ಅಂಟಿಸಿ ಹೊಸದಾಗಿ ಫಾರ್ಮ್ಯಾಟ್ ಮಾಡಿ. ನಿಜವಾದ ಡಿಡಿ ಡಿಸ್ಕ್ ಸಿಕ್ಕರೆ ಅದೇ ಉತ್ತಮ, ಟೇಪ್ ಹಚ್ಚಿದ್ದರಲ್ಲಿ ಬೇಕಾದ ಫೈಲ್ ಬಹಳ ದಿನ ಇಡಬೇಡಿ.

1.2 ಎಂಬಿ ಡ್ರೈವ್ ನಿಮಿಷಕ್ಕೆ 360 ಸುತ್ತು ತಿರುಗುತ್ತೆ, ನಿಮಗೆ ಬೇಕಿರೋದು 300. ಕೆಲವದರಲ್ಲಿ ವೇಗ ಇಳಿಸುವ ಜಂಪರ್ ಇರುತ್ತೆ, ಇಲ್ಲದಿದ್ದರೆ ಅದಕ್ಕೆ ಕೈ ಹಾಕಬೇಡಿ.

ಇನ್ನೊಂದು, ಹೊಂದಿಸಿದ ಡ್ರೈವಿಗೆ ಮೊದಲು ಹಾಕುವ ಡಿಸ್ಕ್ ಹೋದರೂ ಪರವಾಗಿಲ್ಲ ಅನ್ನುವಂಥದ್ದಾಗಿರಲಿ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಒಂದು ಡಿಸ್ಕ್ ಪೂರ್ತಿ ಬರೆದು ಓದಿ ನೋಡಿದ ಮೇಲೆ ನಿಮ್ಮ ಹಳೇ ಡಿಸ್ಕ್‌ಗಳನ್ನು ರೈಟ್ ಪ್ರೊಟೆಕ್ಟ್ ಕಿಂಡಿ ತೆರೆದಿಟ್ಟೇ ಹಾಕಿ.