ಫ್ರೀ ಕೋರ್ಸ್ ಅರ್ಧಕ್ಕೆ ನಿಲ್ಲೋ ಹಾಗಿದೆ, ಪರೀಕ್ಷೆಗೆ ದುಡ್ಡು ಕಟ್ಟಲಾ?

ಪೀಣ್ಯ_ಹುಡುಗ:
ಡಿಪ್ಲೊಮಾ ಮೆಕ್ಯಾನಿಕಲ್ ಮುಗಿಸಿ ಪೀಣ್ಯದಲ್ಲಿ ಸಿಎನ್‌ಸಿ ಆಪರೇಟರ್ ಆಗಿದ್ದೇನೆ. ಪೈಥಾನ್ ಪ್ರೋಗ್ರಾಮಿಂಗ್ ಕಲಿಯೋಣ ಅಂತ ಎನ್‌ಪಿಟಿಇಎಲ್‌ನಲ್ಲಿ (ಐಐಟಿಗಳವರು ನಡೆಸೋ ಆನ್‌ಲೈನ್ ಪಾಠದ ತಾಣ) 12 ವಾರದ ಕೋರ್ಸಿಗೆ ಸೇರಿದೆ. ಪಾಠ ಚೆನ್ನಾಗಿದೆ, ಸೇರಲು ಬಿಡಿಗಾಸೂ ಬೇಡ. ಆದರೆ ಅಸೈನ್‌ಮೆಂಟ್ ಗಡುವು ಬುಧವಾರ ರಾತ್ರಿ 11:59. ಸೆಕೆಂಡ್ ಶಿಫ್ಟ್ ಇದ್ದರೆ ರೂಮಿಗೆ ಬರೋದೇ ಹನ್ನೊಂದಕ್ಕೆ. ಲ್ಯಾಪ್‌ಟಾಪ್ ಇಲ್ಲ, ಮೊಬೈಲಲ್ಲೇ ಕೋಡ್ ಬರೆಯಬೇಕು. ಒಂದು ಸ್ಪೇಸ್ ಹೆಚ್ಚುಕಮ್ಮಿ ಆದರೂ ಎರರ್. ಜೊತೆಗೆ ಸೇರಿದ್ದ ರೂಮ್‌ಮೇಟ್ ಆಗಲೇ ಕೈಬಿಟ್ಟ. ಸರ್ಟಿಫಿಕೇಟ್ ಬೇಕಂದ್ರೆ ಬರೆಯೋ ಪರೀಕ್ಷೆಗೆ 1000 ರೂಪಾಯಿ ಕಟ್ಟಲಾ, ಸುಮ್ನೆ ವಿಡಿಯೊ ನೋಡಿಕೊಂಡು ಇರಲಾ?

ಹಾಸನದ_ಮೇಷ್ಟ್ರು:
ಕಟ್ಟು ತಮ್ಮಾ. ನಮ್ಮ ಕಾಲೇಜಲ್ಲಿ ಪ್ರತಿ ಸೆಮಿಸ್ಟರ್ ನೋಡುತ್ತೇನೆ. ಫೀಸು ಕಟ್ಟಿದವರು ಬಿದ್ದು ಎದ್ದು ಪರೀಕ್ಷೆವರೆಗೆ ಬರುತ್ತಾರೆ. ಉಳಿದವರು ಹೆಸರು ಬರೆಸಿ ನಾಪತ್ತೆ.

ಇದು ನಮ್ಮಲ್ಲಿ ಮಾತ್ರ ಅಲ್ಲ. 2012ರಲ್ಲಿ ಎಡ್‌ಎಕ್ಸ್ ಅನ್ನೋ ಆನ್‌ಲೈನ್ ಪಾಠದ ತಾಣದ ಮೊದಲ ಕೋರ್ಸ್ ಬಂತು, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸರ್ಕ್ಯೂಟ್ಸ್ ಪಾಠ. ಕಲಿಸಿದವರಲ್ಲಿ ಅನಂತ್ ಅಗರ್ವಾಲ್ ಮುಖ್ಯರು, ನಮ್ಮ ಮಂಗಳೂರಲ್ಲಿ ಓದಿದವರು. ಸೇರಿದವರು ಸುಮಾರು 1,55,000. ಪಾಸಾದವರು 7,000 ಚಿಲ್ಲರೆ! ಅದರಲ್ಲಿ ಮಂಗೋಲಿಯಾದ 15 ವರ್ಷದ ಹುಡುಗನೊಬ್ಬ ಪೂರ್ತಿ ಅಂಕ ತೆಗೆದ. ಇಂಟರ್‌ನೆಟ್ ಇದ್ದರೆ ಸಾಕು, ಯಾರು ಎಲ್ಲಿಂದ ಬೇಕಾದರೂ ಕಲಿಯಬಹುದು ಅಂತ ಎಲ್ಲರೂ ಅವನ ಕತೆ ಹೇಳುತ್ತಾರೆ. ಅವನ ಶಾಲೆಯ ಮುಖ್ಯೋಪಾಧ್ಯಾಯರು ಎಂಐಟಿಯಲ್ಲೇ ಓದಿದವರು, ಲ್ಯಾಬ್ ಮಾಡಿಸಲು ಅಮೆರಿಕದಿಂದ ಒಬ್ಬ ಸಂಶೋಧನಾ ವಿದ್ಯಾರ್ಥಿಯನ್ನೂ ಕರೆಸಿದ್ದರು. ಅದನ್ನು ಯಾರೂ ಹೇಳಲ್ಲ. ಹುಡುಗ ಜಾಣನೇ, ಆದರೆ ಪಕ್ಕದಲ್ಲಿ ಹೇಳಿಕೊಡುವವರು ಇದ್ದರು ಅಲ್ವಾ? ನಿನಗೂ ಅಂಥ ಒಬ್ಬರು ಬೇಕು. ಮೊದಲು ಆ ರೂಮ್‌ಮೇಟ್‌ನ ಎಳೆದುಕೊಂಡು ಬಾ.

ಕೋಡುಬಳೆ:
ಮೇಷ್ಟ್ರೇ, ನಮ್ಮ ಬ್ಯಾಚಲ್ಲಿ ಅರ್ಧಕ್ಕರ್ಧ ಜನ ಟೆಲಿಗ್ರಾಂನಲ್ಲಿ ಬರೋ ಉತ್ತರ ನೋಡಿ ಒತ್ತುತ್ತಾರೆ. ಕಾಲೇಜಿನ ಡಿಗ್ರಿ ಲೆಕ್ಕಕ್ಕೆ ಸೇರೋ ಕ್ರೆಡಿಟ್ ಸಿಕ್ಕರೆ ಆಯ್ತು. ಅಂಥ ಸರ್ಟಿಫಿಕೇಟಿಗೆ ಸಾವಿರ ಯಾಕೆ ದಂಡ?

ಹಾಸನದ_ಮೇಷ್ಟ್ರು:
ಅಸೈನ್‌ಮೆಂಟಿಗೆ ಇರೋದು 25 ಅಂಕ. ಬಾಕಿ 75 ಸೆಂಟರಿಗೆ ಹೋಗಿ ಕೂತು ಬರೆಯೋ ಪರೀಕ್ಷೆಗೆ. ಅಲ್ಲಿ 30 ಬರಲೇಬೇಕು. ಟೆಲಿಗ್ರಾಂ ಅಲ್ಲಿಗೆ ಬರಲ್ಲ. ಇನ್ನು, ಕ್ರೆಡಿಟ್ ಅಂದ ಕೂಡಲೇ ಕಲಿಯೋ ಆಸೆ ಹೋಗಿ ಲೆಕ್ಕಾಚಾರ ಶುರುವಾಗುತ್ತೆ ಅನ್ನೋದು ನಿಜ. ಈ ಹುಡುಗನಿಗೆ ಕ್ರೆಡಿಟ್ ಹಂಗಿಲ್ಲ, ಅದೇ ಒಳ್ಳೇದು.

ಪೀಣ್ಯ_ಹುಡುಗ:
ಸರ್, ಎರಡು ಬುಧವಾರ ಆಗಲೇ ತಪ್ಪಿದೆ. ಇಂಗ್ಲಿಷೂ ಸ್ವಲ್ಪ ಫಾಸ್ಟು.

ಹಾಸನದ_ಮೇಷ್ಟ್ರು:
12 ವಾರದ ಕೋರ್ಸಲ್ಲಿ ಚೆನ್ನಾಗಿ ಬಂದ 8 ಅಸೈನ್‌ಮೆಂಟ್ ಮಾತ್ರ ಲೆಕ್ಕಕ್ಕೆ. ಇನ್ನೂ ಎರಡು ಹೋದರೂ ತೊಂದರೆ ಇಲ್ಲ. ವಿಡಿಯೊ ವೇಗ ಕಮ್ಮಿ ಮಾಡಿಕೊ. ಕೆಲವು ಕೋರ್ಸುಗಳ ಪಾಠ ಕನ್ನಡದಲ್ಲೂ ಬರಹ ರೂಪದಲ್ಲಿ ಸಿಗುತ್ತೆ, ನಿನ್ನದು ಇದೆಯಾ ಹುಡುಕು. ಭಾನುವಾರವೇ ಗೊತ್ತಿರೋ ಉತ್ತರ ಒತ್ತಿ ಸಬ್‌ಮಿಟ್ ಮಾಡಿಬಿಡು. ಗಡುವಿನೊಳಗೆ ಮತ್ತೆ ತಿದ್ದಿ ಕಳಿಸಬಹುದು.