ಒಂದೇ ಡೊಮೈನ್ ನಿಧಾನ, ಪೋಸ್ಟ್‌ಫಿಕ್ಸ್ ಕ್ಯೂ ಪೂರ್ತಿ ಜಾಮ್

ಹೆಬ್ಬಾಳ_ಅಡ್ಮಿನ್, ಮೈಸೂರು
ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಮೇಲ್ ಸರ್ವರ್, ಪೋಸ್ಟ್‌ಫಿಕ್ಸ್ (ಮೇಲ್ ಕಳುಹಿಸುವ ತಂತ್ರಾಂಶ) 3.6. ತಿಂಗಳ ಕೊನೆಗೆ ಒಬ್ಬ ಗ್ರಾಹಕರ ಡೊಮೈನ್‌ಗೆ ಸುಮಾರು 600 ಇನ್‌ವಾಯ್ಸ್ ಹೋಗುತ್ತವೆ. ಆಗ ಉಳಿದವರ ಮೇಲೂ ಅರ್ಧ ಗಂಟೆ ತಡವಾಗುತ್ತದೆ. ಆ ಡೊಮೈನ್‌ನ ಲಾಗ್: ಡಿಲೇಸ್=0.1/2/170/40, ಸ್ಟೇಟಸ್=ಸೆಂಟ್. ಬೇರೆಯವರದು: 0.1/1900/1/1. ಮಾಸ್ಟರ್.ಸಿಎಫ್‌ನಲ್ಲಿ (ಪ್ರೋಸೆಸ್‌ಗಳ ಸೆಟ್ಟಿಂಗ್ ಫೈಲ್) ಎಸ್‌ಎಂಟಿಪಿ (ಮೇಲ್ ಹೊರಗೆ ಕಳುಹಿಸುವ) ಪ್ರೋಸೆಸ್ ಮಿತಿ 20 ಇದೆ. ರಿಲೇ ಹೋಸ್ಟ್ (ನಡುವಿನ ಮೇಲ್ ಸರ್ವರ್) ಇಲ್ಲ. ಏನು ಮಾಡಬಹುದು?

ಮಂಡ್ಯ_ಲಿನಕ್ಸ್
ಕಾರಣ ನಿಮ್ಮ ಲಾಗ್‌ನಲ್ಲೇ ಇದೆ ಸರ್. ಡಿಲೇಸ್‌ನ ಆ ನಾಲ್ಕು ಅಂಕಿಗಳಲ್ಲಿ (ಸೆಕೆಂಡ್) ಎರಡನೆಯದು ಆಕ್ಟಿವ್ ಕ್ಯೂನಲ್ಲಿ ಸರದಿ ಕಾದ ಹೊತ್ತು, ಮೂರನೆಯದು ಸಂಪರ್ಕ ಸಿಗಲು ಹಿಡಿದದ್ದು, ನಾಲ್ಕನೆಯದು ಕಳುಹಿಸಲು ಹಿಡಿದದ್ದು. ಪೋಸ್ಟ್‌ಫಿಕ್ಸ್ ಒಂದು ಡೊಮೈನ್‌ಗೆ ಏಕಕಾಲಕ್ಕೆ 20 ಡೆಲಿವರಿ ಬಿಡುತ್ತದೆ. ನಿಮ್ಮ ಹತ್ತಿರ ಇರುವ ಪ್ರೋಸೆಸ್‌ಗಳೂ 20. ಹಾಗಾಗಿ ಎಲ್ಲವೂ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಸತ್ತ ಸರ್ವರ್ ಇಷ್ಟು ಕಾಡುವುದಿಲ್ಲ, ಸಂಪರ್ಕ ತಪ್ಪಿದ ಕೂಡಲೇ ಪೋಸ್ಟ್‌ಫಿಕ್ಸ್ ಅದರ ಮೇಲ್‌ಗಳನ್ನು ಡಿಫರ್ಡ್‌ಗೆ (ಆಮೇಲೆ ಮತ್ತೆ ಪ್ರಯತ್ನಿಸುವ ಕ್ಯೂ) ತಳ್ಳುತ್ತದೆ. ನಿಧಾನವಾದರೂ ಉತ್ತರ ಕೊಡುವ ಸರ್ವರ್‌ನದೇ ಕಾಟ.

ಮಾಸ್ಟರ್.ಸಿಎಫ್‌ನ ಎಸ್‌ಎಂಟಿಪಿ ಸಾಲನ್ನು ನಕಲು ಮಾಡಿ "ಸ್ಲೋ" ಎಂದು ಹೆಸರಿಡಿ, ಏಳನೇ ಕಾಲಂನಲ್ಲಿ (ಪ್ರೋಸೆಸ್ ಮಿತಿ) 8 ಬರೆಯಿರಿ. ಮೂಲ ಸಾಲಿನ 20 ತೆಗೆದು ಅಡ್ಡಗೆರೆ (-) ಹಾಕಿದರೆ ಡೀಫಾಲ್ಟ್ 100 ಆಗುತ್ತದೆ. ಟ್ರಾನ್ಸ್‌ಪೋರ್ಟ್ ಫೈಲ್‌ನಲ್ಲಿ (ಯಾವ ಡೊಮೈನ್‌ಗೆ ಯಾವ ದಾರಿ ಎಂಬ ಪಟ್ಟಿ) ಆ ಡೊಮೈನ್ ಹೆಸರಿನ ನಂತರ "ಸ್ಲೋ:" ಬರೆದು ಪೋಸ್ಟ್‌ಮ್ಯಾಪ್ ಕಮಾಂಡ್ ಕೊಡಿ. ಟ್ರಾನ್ಸ್‌ಪೋರ್ಟ್_ಮ್ಯಾಪ್ಸ್ ಮೇನ್.ಸಿಎಫ್‌ನಲ್ಲಿ (ಮುಖ್ಯ ಸೆಟ್ಟಿಂಗ್ ಫೈಲ್) ಇದೆಯೇ ನೋಡಿಕೊಳ್ಳಿ. ಸ್ಲೋ_ಡೆಸ್ಟಿನೇಶನ್_ಕನ್ಕರೆನ್ಸಿ_ಲಿಮಿಟ್ = 8 ಕೂಡ ಮೇನ್.ಸಿಎಫ್‌ನಲ್ಲೇ ಇರಬೇಕು. ಅದನ್ನು ಓದುವುದು ಕ್ಯೂ ಮ್ಯಾನೇಜರ್, ಮಾಸ್ಟರ್.ಸಿಎಫ್‌ನಲ್ಲಿ -ಒ ಆಯ್ಕೆಯಾಗಿ ಕೊಟ್ಟರೆ ಕೆಲಸ ಮಾಡದು. ಆಮೇಲೆ ಪೋಸ್ಟ್‌ಫಿಕ್ಸ್ ರಿಲೋಡ್. ಆಕ್ಟಿವ್‌ನಲ್ಲಿರುವವು ವಾಪಸ್ ಹೋಗಿ ಹೊಸ ದಾರಿ ಹಿಡಿಯುತ್ತವೆ, ಪೋಸ್ಟ್‌ಸೂಪರ್ -ಆರ್ (ಮತ್ತೆ ಕ್ಯೂಗೆ ಹಾಕುವ ಕಮಾಂಡ್) ಬೇಕಿಲ್ಲ. ಪೋಸ್ಟ್‌ಕ್ಯೂ -ಎಫ್ ಅಂತೂ ಕೊಡಲೇಬೇಡಿ, ಡಿಫರ್ಡ್ ರಾಶಿಯೆಲ್ಲ ಒಟ್ಟಿಗೆ ಆಕ್ಟಿವ್‌ಗೆ ನುಗ್ಗುತ್ತದೆ.

ಸರಸ್ವತಿಪುರಂ_ಮೇಲ್
ರೇಟ್_ಡಿಲೇ (ಎರಡು ಮೇಲ್‌ಗಳ ನಡುವಿನ ಬಿಡುವು) 1 ಸೆಕೆಂಡ್ ಹಾಕಿ ಎಂದು ಹಲವರು ಹೇಳುತ್ತಾರೆ. ಇಲ್ಲಿ ಅದು ಬೇಡ. ಅದು ಶೂನ್ಯಕ್ಕಿಂತ ಹೆಚ್ಚಾದರೆ ಒಂದು ಡೊಮೈನ್‌ಗೆ ಒಂದೊಂದೇ ಮೇಲ್ ಹೋಗುತ್ತದೆ. ನಿಮ್ಮ ಮೇಲ್‌ಗೆ 210 ಸೆಕೆಂಡ್ ಬೇಕು, ಅಂದರೆ ಗಂಟೆಗೆ 17. 600 ಮುಗಿಯಲು ಒಂದೂವರೆ ದಿನ! ಎಂಟು ಪ್ರೋಸೆಸ್ ಇದ್ದರೆ ಗಂಟೆಗೆ 137, ನಾಲ್ಕೂವರೆ ಗಂಟೆಯೊಳಗೆ ಮುಗಿಯುತ್ತದೆ. ಆ ಕಡೆಯಿಂದ 421 ಅಥವಾ 450 (ತಾತ್ಕಾಲಿಕ ನಿರಾಕರಣೆಯ ಸಂಕೇತ) ಬಂದು "ಮೆಲ್ಲಗೆ ಕಳಿಸಿ" ಎಂದರೆ ಮಾತ್ರ ರೇಟ್_ಡಿಲೇ ಸರಿ.

170 ಸೆಕೆಂಡ್ ಸಂಪರ್ಕಕ್ಕೇ ಹೋಗುತ್ತಿದೆ, ಅದನ್ನು ಉಳಿಸಿ. ಸ್ಟಾರ್ಟ್‌ಟಿಎಲ್‌ಎಸ್ (ಸಂಪರ್ಕದ ಗೂಢಲಿಪೀಕರಣ) ಇದ್ದರೆ ಸಂಪರ್ಕ ಮರುಬಳಕೆ ತಾನಾಗಿ ಆಗುವುದಿಲ್ಲ. ಪೋಸ್ಟ್‌ಫಿಕ್ಸ್ 3.4ರಿಂದ ಎಸ್‌ಎಂಟಿಪಿ_ಟಿಎಲ್‌ಎಸ್_ಕನೆಕ್ಷನ್_ರೀಯೂಸ್ = ಯೆಸ್ ಇದೆ, ಮಾಸ್ಟರ್.ಸಿಎಫ್‌ನಲ್ಲಿ ಟಿಎಲ್‌ಎಸ್‌ಪ್ರಾಕ್ಸಿ ಸಾಲು ಇರಲೇಬೇಕು. ಜೊತೆಗೆ ನಿಮ್ಮ ಐಪಿಗೆ ಪಿಟಿಆರ್ (ಐಪಿಯಿಂದ ಹೆಸರು ತಿಳಿಸುವ ಡಿಎನ್‌ಎಸ್ ದಾಖಲೆ) ಸರಿಯಿದೆಯೇ ಡಿಗ್ -ಎಕ್ಸ್‌ನಲ್ಲಿ ನೋಡಿ. ಆ ಕಡೆಯವರು ರಿವರ್ಸ್ ಲುಕಪ್ ಮಾಡುತ್ತಾ ಕೂತರೂ ಬ್ಯಾನರ್ (ಅವರ ಸರ್ವರ್‌ನ ಮೊದಲ ಉತ್ತರ) ತಡವಾಗುತ್ತದೆ.

ಹೆಬ್ಬಾಳ_ಅಡ್ಮಿನ್, ಮೈಸೂರು
ಧನ್ಯವಾದ ಇಬ್ಬರಿಗೂ. ಸ್ಲೋಗೆ ಮಾತ್ರ ಟೈಮ್‌ಔಟ್‌ಗಳನ್ನೂ ಕಡಿಮೆ ಮಾಡಬಹುದೇ?

ಮಂಡ್ಯ_ಲಿನಕ್ಸ್
ಕನೆಕ್ಟ್_ಟೈಮ್‌ಔಟ್ 30ರಿಂದ 10 ಸೆಕೆಂಡ್‌ಗೆ ಇಳಿಸಿ, ತೊಂದರೆ ಇಲ್ಲ. ಹೆಲೋ_ಟೈಮ್‌ಔಟ್ (ಆ ಮೊದಲ ಉತ್ತರಕ್ಕೆ ಕಾಯುವ ಮಿತಿ) 300 ಹಾಗೇ ಇರಲಿ, ಕಡಿಮೆಯಾದರೆ 170ಕ್ಕೆ ಸಿಗುತ್ತಿರುವ ಸಂಪರ್ಕವೂ ತಪ್ಪಿಹೋಗುತ್ತದೆ. ಡೇಟಾ_ಡನ್_ಟೈಮ್‌ಔಟ್ 600 ಮುಟ್ಟಲೇಬೇಡಿ. ಅವರು ಮೇಲ್ ಸ್ವೀಕರಿಸಿ "250" (ಸಿಕ್ಕಿತು ಎಂಬ ಸಂಕೇತ) ಕಳಿಸುವ ಮೊದಲೇ ನೀವು ಫೋನ್ ಇಟ್ಟಂತಾದರೆ, ಅದೇ ಇನ್‌ವಾಯ್ಸ್ ಎರಡು ಸಲ ಹೋಗುತ್ತದೆ.